ಚದುರಂಗದ ಜಮಾ-ಖರ್ಚು

ಚದುರಂಗವು ಭಾರತದಲ್ಲಿ ಹುಟ್ಟಿ ಲೋಕಸಂಚಾರ ಮಾಡಿದ ಆಟ. ಕುದುರೆಯು ಅರವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ನಿಂತು ಸುತ್ತಿಬರುವ ಬಂಧಗಳನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ರಚಿಸಿದ್ದರು. ಇಂದು ಆ ಮನೆಗಳೆಲ್ಲವೂ ಅಂಗೈಯಗಲದ ಮೊಬೈಲಿನೊಳಗೆ ಅಡಗಿವೆ. ರಾಯಪುರಂನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೂ ಈ ಆಟದಲ್ಲಿ ಒಲವು ಮೂಡುವುದು ಸಹಜವೇ. 1988ರಲ್ಲಿ ದೇಶದ ಪ್ರಥಮ ಗ್ರ್ಯಾಂಡ್‌ಮಾಸ್ಟರ್ ಆದ ವಿಶ್ವನಾಥನ್ ಆನಂದ್, 2024ರಲ್ಲಿ ಹದಿನೆಂಟರ ಹರೆಯದಲ್ಲಿ ವಿಶ್ವವಿಜೇತರಾದ ಗುಕೇಶ್ ಇಬ್ಬರೂ ಚೆನ್ನೈಯಲ್ಲಿಯೇ ಬೆಳೆದವರಲ್ಲವೇ?

ಮೊಬೈಲಿನ ಆಟಕ್ಕೊಂದು ವೈಶಿಷ್ಟ್ಯವುಂಟು. ಪ್ರತಿಯೊಂದು ನಡೆಯೂ, ಅದಕ್ಕೆ ಹಿಡಿದ ಕಾಲವೂ ಬ್ಯಾಂಕಿನ ಪಾಸ್‌ಬುಕ್ಕಿನಂತೆ ದಾಖಲಾಗುತ್ತವೆ. ಈ ದಾಖಲೆಯನ್ನು ಓದಬಲ್ಲವನಿಗೆ ಮೇಲುಗೈ ದೊರೆಯುತ್ತದೆ. ಸೋತ ಐವತ್ತು ಪಂದ್ಯಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿಸಿರಿ. ಸೋಲು ಆರಂಭದಲ್ಲಾಯಿತೋ, ಮಧ್ಯದಲ್ಲೋ, ಅಂತ್ಯದಲ್ಲೋ? ಆಗ ಗಡಿಯಾರದಲ್ಲಿ ಎಷ್ಟು ಕಾಲ ಉಳಿದಿತ್ತು? ಆಡಿದ ಹೊತ್ತು ಯಾವುದು? ಹತ್ತು ಪಂದ್ಯಗಳನ್ನು ನೋಡಿ ತೀರ್ಪು ಕೊಡುವುದು ಒಂದು ವಾರದ ವ್ಯಾಪಾರದಿಂದ ಅಂಗಡಿಯ ಲಾಭ-ನಷ್ಟ ಹೇಳಿದಂತೆ.

ಎದುರಾಳಿಯ ಬಲವನ್ನೂ ಗಣಿಸಬೇಕು. ಪ್ರಾಧ್ಯಾಪಕ ಆರ್ಪಾದ್ ಈಲೋ ಅವರ ಸೂತ್ರದಂತೆ, ಇನ್ನೂರು ರೇಟಿಂಗ್ ಅಂಕ ಹೆಚ್ಚುಳ್ಳವನು ನೂರು ಪಂದ್ಯಗಳಲ್ಲಿ ಸುಮಾರು 76 ಅಂಕ ಗಳಿಸುವುದು ನಿರೀಕ್ಷಿತ. ಅವನಿಗೆ ಸೋತರೆ ಅಳುವ ಕಾರಣವಿಲ್ಲ. ಸಮಬಲನೆದುರು ಒಂದೇ ಬಗೆಯಲ್ಲಿ ಪದೇಪದೇ ಸೋಲುವುದೇ ನಿಜವಾದ ಸೋರಿಕೆ. ರಾತ್ರಿ ಹತ್ತರ ಬಳಿಕದ ಆಟಗಳಲ್ಲಿಯೇ ಸೋಲು ಹೆಚ್ಚಿದ್ದರೆ ಅದಕ್ಕೆ ಮದ್ದು ಇನ್ನೊಂದು ಪುಸ್ತಕವಲ್ಲ, ನಿದ್ರೆ.

ಸ್ಟಾಕ್‌ಫಿಶ್‌ನಂತಹ ಚದುರಂಗದ ಎಂಜಿನ್‌ಗಳು ಉತ್ತಮ ನಡೆಯನ್ನು ಕ್ಷಣದಲ್ಲಿ ತೋರಿಸಬಲ್ಲವು. ಆದರೆ ಉತ್ತರಪುಸ್ತಕ ನೋಡಿ ಗಣಿತ ಕಲಿತವರುಂಟೇ? ಗುಕೇಶ್ ಅವರ ಗುರು ವಿಷ್ಣು ಪ್ರಸನ್ನ ಅವರು ಶಿಷ್ಯನನ್ನು ಗ್ರ್ಯಾಂಡ್‌ಮಾಸ್ಟರ್ ಮಟ್ಟ ಮುಟ್ಟುವವರೆಗೆ ಎಂಜಿನ್‌ನಿಂದ ದೂರವಿರಿಸಿದ್ದರು. ಮೊದಲು ಸ್ವಂತ ಲೆಕ್ಕ, ಆಮೇಲೆ ಯಂತ್ರದ ತಾಳೆ: ಇದೇ ಸರಿಯಾದ ಕ್ರಮ.

ಪಂದ್ಯದ ನಡುವೆ ಯಂತ್ರದ ಮೊರೆಹೊಕ್ಕರಂತೂ ಅದು ವಿಶ್ಲೇಷಣೆಯಲ್ಲ, ವಂಚನೆ. 2021ರ ಜೂನ್‌ನಲ್ಲಿ ಸಹಾಯಾರ್ಥವಾಗಿ ನಡೆದ ಆನ್‌ಲೈನ್ ಪ್ರದರ್ಶನದಲ್ಲಿ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಅವರು ಆನಂದರನ್ನು ಸೋಲಿಸಿದರು. ಮರುದಿನವೇ, ಕಂಪ್ಯೂಟರಿನ ಹಾಗೂ ಇತರರ ನೆರವು ಪಡೆದುದನ್ನು ತಾವೇ ಒಪ್ಪಿಕೊಂಡು ಕ್ಷಮೆ ಕೋರಿದರು. ವಿನೋದದ ಆಟದಲ್ಲಿಯೂ ಈ ಆಮಿಷ ಎಷ್ಟು ಬಲವಾದುದೆಂಬುದಕ್ಕೆ ಇದು ನಿದರ್ಶನ.

ಆದುದರಿಂದ ಪಾಲಕರಲ್ಲಿ ಒಂದು ವಿನಂತಿ. "ಗೆದ್ದೆಯಾ?" ಎಂದು ಕೇಳುವ ಬದಲು, "ಎಲ್ಲಿ ತಪ್ಪಿತು, ತೋರಿಸು ಮಗು" ಎಂದು ಕೇಳಿರಿ. ತನ್ನ ಸೋಲನ್ನು ಮುಚ್ಚಿಡದೆ ಬರೆದಿಡುವ ಅಭ್ಯಾಸವು ಆಟ ಬಿಟ್ಟ ಮೇಲೆಯೂ ಮಗುವಿನ ಕೈಯಲ್ಲಿ ಉಳಿಯುವ ಆಸ್ತಿ.