ರಸಬಾಳೆ ಮತ್ತು ರೇಷ್ಮೆ ಕಲಿಸುವ ಪಾಠ

ಓದು ಮುಗಿಸಿ ಬೆಂಗಳೂರು ಸೇರಿದ ಮಗನೋ ಮಗಳೋ ‘ನಾನೀಗ ಪ್ರಾಡಕ್ಟ್ ಮ್ಯಾನೇಜರ್’ ಎಂದಾಗ ಮನೆಯವರಿಗೆ ಹೆಮ್ಮೆಯಾಗುತ್ತದೆ. ಆದರೆ ಆ ಕೆಲಸವೇನೆಂದು ನೆರೆಯವರು ಕೇಳಿದರೆ ಉತ್ತರಿಸಲು ತಡವರಿಸುತ್ತೇವೆ. ಅವರು ವಸ್ತುವನ್ನು ಸ್ವತಃ ತಯಾರಿಸುವುದಿಲ್ಲ, ಅಂಗಡಿಯಲ್ಲಿ ಕುಳಿತು ಮಾರುವುದೂ ಇಲ್ಲ. ಏನನ್ನು ತಯಾರಿಸಬೇಕು, ಯಾರಿಗಾಗಿ ತಯಾರಿಸಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸುವುದೇ ಅವರ ಕೆಲಸ.

ಈ ವಿದ್ಯೆ ಕಂಪ್ಯೂಟರ್ ಕಂಪೆನಿಗಳಿಗೆ ಮಾತ್ರ ಸೀಮಿತವೇ? ಖಂಡಿತ ಅಲ್ಲ. ಒಡವೆ ಅಡವಿಟ್ಟು ಮಸಾಲೆ ಪುಡಿಯ ವ್ಯಾಪಾರ ಆರಂಭಿಸಿದ ಸಹೋದರಿಗೂ ಇದು ಬೇಕು. ಅವಳ ಬಳಿ ಎರಡನೇ ಬಾರಿ ತಪ್ಪಲು ಹಣವಿರುವುದಿಲ್ಲ. ಮೈಸೂರು ಜಿಲ್ಲೆಯಲ್ಲಿ ಕಪಿಲಾ ನದಿಯ ದಡದ ಎರಡು ಊರುಗಳು ಈ ವಿಷಯದಲ್ಲಿ ನಮಗೆ ಒಳ್ಳೆಯ ಪಾಠ ಹೇಳುತ್ತವೆ.

ನಂಜನಗೂಡಿನ ರಸಬಾಳೆ

ನಂಜನಗೂಡಿನ ರಸಬಾಳೆಯ ರುಚಿ ಮತ್ತು ಪರಿಮಳಕ್ಕೆ ಸಾಟಿಯಿಲ್ಲ. ಆದರೆ ಪನಾಮಾ ಸೊರಗು ರೋಗ ಅದರ ತೋಟಗಳನ್ನು ಬರಿದು ಮಾಡಿತು. ಈ ರೋಗದ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ರೋಗ ತಗುಲಿದ ಗಿಡವನ್ನು ಗುಣಪಡಿಸುವ ಔಷಧವಿಲ್ಲ.

ಇದೇ ರೋಗ ಮಧ್ಯ ಅಮೆರಿಕದಲ್ಲಿ ಗ್ರಾಸ್ ಮಿಷೆಲ್ ಎಂಬ ಬಾಳೆಯನ್ನು ನಾಶಗೊಳಿಸಿತು. ಅಲ್ಲಿನ ರಫ್ತು ಕಂಪೆನಿಗಳು 1960ರ ದಶಕದ ಹೊತ್ತಿಗೆ ಕ್ಯಾವೆಂಡಿಷ್‌ಗೆ, ಅಂದರೆ ನಮ್ಮ ಪಚ್ಚಬಾಳೆಯ ಗುಂಪಿಗೆ ಬದಲಾದವು. ಹಡಗಿನಲ್ಲಿ ಕೆಡದೆ ತಲುಪುವ ಯಾವ ಬಾಳೆಯಾದರೂ ಅವರಿಗೆ ಸಾಕಿತ್ತು. ನಂಜನಗೂಡಿಗೆ ಆ ದಾರಿ ಇರಲಿಲ್ಲ. ತಳಿ ಬದಲಿಸಿದರೆ ರೈತನಿಗೆ ಆದಾಯ ಸಿಗಬಹುದು, ರಸಬಾಳೆ ಉಳಿಯುವುದಿಲ್ಲ. ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು ಎಂಬ ತೀರ್ಮಾನವನ್ನೇ ಮ್ಯಾನೇಜ್‌ಮೆಂಟ್ ಪುಸ್ತಕಗಳು ‘ಸ್ಟ್ರಾಟಜಿ’ ಎನ್ನುತ್ತವೆ.

ಇನ್ನು ‘ರೋಡ್‌ಮ್ಯಾಪ್’ ಎಂದರೆ ಹೆಜ್ಜೆಗಳ ಕ್ರಮ. ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅದು ಹೆಸರನ್ನು ಕಾಯುತ್ತದೆ, ಗಿಡವನ್ನು ಕಾಯುವುದಿಲ್ಲ. ಮೊದಲು ರೋಗವಿಲ್ಲದ ಮಣ್ಣು, ಅಂಗಾಂಶ ಕೃಷಿಯಿಂದ ಬೆಳೆಸಿದ ಆರೋಗ್ಯವಂತ ಸಸಿ; ನಂತರ ತೋಟದ ವಿಸ್ತರಣೆ; ಆಮೇಲೆ ಮಾರುಕಟ್ಟೆ. ಈ ಕ್ರಮ ತಲೆಕೆಳಗಾದರೆ ಗಿರಾಕಿ ಬರುತ್ತಾನೆ, ಹಣ್ಣೇ ಇರುವುದಿಲ್ಲ.

ನರಸೀಪುರದ ನೂಲು

ಮೈಸೂರು ರೇಷ್ಮೆಯ ಕಾರ್ಖಾನೆ ಆರಂಭವಾದದ್ದು 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. 1980ರಿಂದ ಅದನ್ನು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನೋಡಿಕೊಳ್ಳುತ್ತಿದೆ. ಮೈಸೂರಿನಲ್ಲಿ ನೇಯುವ ಸೀರೆಗೆ ನೂಲು ತೆಗೆಯುವ ನಿಗಮದ ಘಟಕ ತಿ. ನರಸೀಪುರದಲ್ಲಿದೆ. ಹಿಪ್ಪುನೇರಳೆ ಸೊಪ್ಪು ಕಳಪೆಯಾದರೆ ಗೂಡು ಬಡವಾಗುತ್ತದೆ, ನೂಲು ಮತ್ತೆ ಮತ್ತೆ ತುಂಡಾಗುತ್ತದೆ. ಆ ಕೊರತೆಯನ್ನು ಯಾವ ಮಗ್ಗವೂ ಸರಿಪಡಿಸಲಾರದು. ಸೀರೆಯ ಹೊಳಪು ಶೋರೂಮಿನಲ್ಲಿ ಹುಟ್ಟುವುದಲ್ಲ, ರೈತನ ಹುಳುಮನೆಯಲ್ಲಿ ಹುಟ್ಟುತ್ತದೆ.

ಆದರೆ ಹುಳು ಸಾಕುವ ರೈತ ಕಾರ್ಖಾನೆಯ ನೌಕರನಲ್ಲ. ಅವನಿಗೆ ಆಜ್ಞೆ ಮಾಡಲಾಗದು. ನ್ಯಾಯವಾದ ಬೆಲೆ, ಸ್ಪಷ್ಟ ಗುಣಮಟ್ಟ ಮತ್ತು ಕೊಟ್ಟ ಮಾತು, ಇವುಗಳಿಂದಲೇ ಅವನನ್ನು ಜತೆಗೆ ಉಳಿಸಿಕೊಳ್ಳಬೇಕು. ಪ್ರಾಡಕ್ಟ್ ಮ್ಯಾನೇಜರನ ಸ್ಥಿತಿಯೂ ಹೀಗೆಯೇ. ಸಾಮಾನ್ಯವಾಗಿ ಇಂಜಿನಿಯರ್‌ಗಳು ಅವನ ಕೈಕೆಳಗಿನವರಲ್ಲ. ಗದರಿಸಿದರೆ ಕೆಲಸ ಆಗದು. ಏಕೆ ಹೀಗೆ ಮಾಡಬೇಕೆಂದು ಮನವರಿಕೆ ಮಾಡಬೇಕು, ಯಶಸ್ಸು ಬಂದಾಗ ಅವರ ಹೆಸರು ಹೇಳಬೇಕು, ಸೋಲು ಬಂದಾಗ ತಾನು ಮುಂದೆ ನಿಲ್ಲಬೇಕು. ನಾಯಕತ್ವವೆಂದರೆ ಇದೇ.

ಮನೆಯ ಉದ್ಯಮಕ್ಕೆ

ಮಸಾಲೆ ಪುಡಿ ಚೆನ್ನಾಗಿದೆ ಎಂದವರು ಮರುದಿನವೇ ‘ಉಪ್ಪಿನಕಾಯಿಯನ್ನೂ ಮಾಡಿ, ಕೇಕನ್ನೂ ಮಾಡಿ’ ಎನ್ನುತ್ತಾರೆ. ಎಲ್ಲದಕ್ಕೂ ಹೂಂ ಎಂದರೆ ಇದ್ದ ಬಂಡವಾಳ ಚದುರಿ ಹೋಗುತ್ತದೆ, ಮೊದಲಿನ ಪುಡಿಯ ರುಚಿಯೂ ಕೆಡುತ್ತದೆ. ಆದ್ದರಿಂದ ಒಂದು ಹಾಳೆಯಲ್ಲಿ ಮೂರು ವಿಷಯ ಬರೆದಿಡಿ: ಎಷ್ಟೇ ಕಷ್ಟವಾದರೂ ನಾನು ಬದಲಿಸದಿರುವುದು ಯಾವುದು? ನನ್ನ ಕೆಲಸದ ಅತ್ಯಂತ ದುರ್ಬಲ ಕೊಂಡಿ ಯಾವುದು? ಈ ವರ್ಷ ನಾನು ಬೇಡ ಎನ್ನುವುದು ಯಾವುದಕ್ಕೆ?

ಮೆಣಸಿನಕಾಯಿ ದುಬಾರಿಯಾದಾಗ ಬಣ್ಣ ಬೆರೆಸುವ ಯೋಚನೆ ಬರಬಹುದು. ಆಗ ಮೊದಲ ಉತ್ತರ ನೆನಪಾಗಲಿ. ಗಿರಾಕಿ ಕೊಳ್ಳುವುದು ಪೊಟ್ಟಣವನ್ನಲ್ಲ, ನಿಮ್ಮ ಮೇಲಿನ ನಂಬಿಕೆಯನ್ನು. ಬೆಲೆ ಏರಿಸಿದರೆ ಕೆಲವರು ಹೋಗಬಹುದು, ನಂಬಿಕೆ ಹೋದರೆ ಯಾರೂ ಉಳಿಯುವುದಿಲ್ಲ.