ಗಿಣ್ಣು ಮೊದಲು ಮರಿಗೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ತೊಗರಿ, ಜೋಳ ಬೆಳೆಯುವ ಒಣ ನೆಲ. ಎಮ್ಮೆ ಸಾಕಲಾಗದ ಮನೆಗೆ ಇಲ್ಲಿ ಆಡಿನ ಹಾಲೇ ಗತಿ. ಆಳಂದದ ಗಡಿಯಾಚೆಗಿನ ಉಸ್ಮಾನಾಬಾದ್ ಜಿಲ್ಲೆ (2023ರಿಂದ ಧಾರಾಶಿವ) ಉಸ್ಮಾನಾಬಾದಿ ತಳಿಯ ತವರು. ಬಹುಪಾಲು ಕಪ್ಪು ಬಣ್ಣದ ಈ ಆಡು ಅವಳಿ ಮರಿಗಳಿಗೆ ಹೆಸರಾದದ್ದು. ಹಾಲಿಗೆಂದು ಕೊಳ್ಳುವವರು ಮೈಬಣ್ಣಕ್ಕಿಂತ ಕೆಚ್ಚಲನ್ನು ನೋಡುವುದು ಮೇಲು: ಎರಡೂ ಮೊಲೆಗಳಲ್ಲಿ ಹಾಲು ಇಳಿಯುತ್ತದೆಯೇ, ಒಳಗೆ ಗಂಟು ಇದೆಯೇ?

ಅವಳಿ ಹುಟ್ಟಿದರೆ ಸಂತೋಷವೇ. ಆದರೆ ಸಣ್ಣ ಮರಿ ಕೆಲವೇ ದಿನಗಳಲ್ಲಿ ಭೇದಿಯಿಂದ ಸಾಯುವುದುಂಟು. ಏಕೆ?

ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಜರಾಯುವಿನ, ಅಂದರೆ ಮಾಸಿನ, ಮೂಲಕ ಗರ್ಭದಲ್ಲೇ ಮಗುವಿಗೆ ಸೇರುತ್ತವೆ. ಆಡಿನ ಜರಾಯುವಿನ ರಚನೆ ಅದಕ್ಕೆ ಎಡೆಗೊಡದು. ಮರಿಗೆ ಅವು ಸಿಗುವುದು ಗಿಣ್ಣುಹಾಲಿನಲ್ಲಿ. ಆಗತಾನೆ ಹುಟ್ಟಿದ ಮರಿಯ ಕರುಳು ಈ ದೊಡ್ಡ ಪ್ರೋಟೀನ್ ಅಣುಗಳನ್ನು ಇಡಿಯಾಗಿಯೇ ರಕ್ತಕ್ಕೆ ಬಿಡುತ್ತದೆ. ಈ ದಾರಿ ಗಂಟೆಗಂಟೆಗೂ ಕಿರಿದಾಗಿ, ಸುಮಾರು 24 ಗಂಟೆಗಳಲ್ಲಿ ಮುಚ್ಚುತ್ತದೆ. ಆಮೇಲೆ ಕುಡಿದ ಗಿಣ್ಣು ಆಹಾರವಾದೀತು. ಅದರ ಪ್ರತಿಕಾಯಗಳು ರಕ್ತ ಸೇರವು.

ಆದ್ದರಿಂದ ಈದ ಒಂದೆರಡು ಗಂಟೆಯೊಳಗೆ ಮೊದಲ ಗುಟುಕು ಆಗಬೇಕು. ಮೊದಲ ದಿನದ ಅಳತೆ ಮರಿಯ ತೂಕದ ಹತ್ತನೇ ಒಂದು ಪಾಲು. 2 ಕಿ.ಗ್ರಾಂ. ಮರಿಗೆ 200 ಮಿ.ಲೀ., ಅದೂ ಹಲವು ಸಲಕ್ಕೆ ಹಂಚಿ. ಬಲವಾದ ಮರಿ ಮೊಲೆ ಬಿಡದು. ಸಣ್ಣದನ್ನು ಕೈಯಲ್ಲಿ ಹಿಡಿದು ಇನ್ನೊಂದು ಮೊಲೆಗೆ ಹಚ್ಚಬೇಕು. ಅದಕ್ಕೇ ಎರಡೂ ಮೊಲೆ ನೋಡಿ ಕೊಳ್ಳಿ ಎಂದದ್ದು.

ಬೆಲ್ಲ, ಏಲಕ್ಕಿ ಹಾಕಿ ಕಾಯಿಸಿದ ಗಿಣ್ಣು ಯಾರಿಗೆ ಬೇಡ! ಕಾಯಿಸಿದಾಗ ಅದು ಗಡ್ಡೆಕಟ್ಟುವುದರಲ್ಲಿ ಇವೇ ಪ್ರತಿಕಾಯಗಳ ಪಾಲೂ ಇದೆ. ಎರಡೂ ಮರಿಗಳ ಹೊಟ್ಟೆ ತುಂಬಿದ ಮೇಲೆ ಉಳಿದದ್ದನ್ನಷ್ಟೇ ಒಲೆಗಿಡಿ.