ಮುಳ್ಳಿನ ಮೀಟರು ಮೂಲೆ ಸೇರಲಿಲ್ಲ

ರಿಪೇರಿಯ ಮೇಜಿನ ಮೇಲೆ ಹಳೆಯ ರೇಡಿಯೋ ಒಂದು ಬೆನ್ನು ಬಿಚ್ಚಿಕೊಂಡು ಕುಳಿತಿದೆ. ಅದನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಆಟೋರಿಕ್ಷಾದಲ್ಲಿ ತಂದ ಹಿರಿಯರು ಎದುರಿನ ಸ್ಟೂಲಿನ ಮೇಲೆ ಕುಳಿತಿದ್ದಾರೆ. ಅದು ತಂದೆಯವರು ಕೊಂಡ ರೇಡಿಯೋ. ಗುಂಡಿಯನ್ನು ತಿರುಗಿಸಿದರೆ ಗೊರಗೊರ ಸದ್ದು, ಮರುಕ್ಷಣ ಮೌನ. ‘ಇದರ ಆಯುಸ್ಸು ಮುಗಿಯಿತು, ಗುಜರಿಗೆ ಹಾಕಿ’ ಎಂಬ ತೀರ್ಪನ್ನು ಬೇರೊಂದು ಅಂಗಡಿಯಲ್ಲಿ ಕೇಳಿಕೊಂಡೇ ಅವರು ಇಲ್ಲಿಗೆ ಬಂದಿದ್ದಾರೆ.

“ಏನಪ್ಪ, ಬದುಕುತ್ತದೆಯೇ?”

“ಸ್ವಲ್ಪ ತಾಳಿ ರಾಯರೇ, ನಾಡಿ ನೋಡಿ ಹೇಳುತ್ತೇನೆ.”

ರಿಪೇರಿಯವನ ಬಳಿ ಎರಡು ಮೀಟರುಗಳಿವೆ. ಒಂದು, ಅಂಕೆಗಳಲ್ಲಿ ಉತ್ತರ ಹೇಳುವ ಹೊಸ ಡಿಜಿಟಲ್ ಮೀಟರು. ಇನ್ನೊಂದು, ಗಾಜಿನ ಕಿಟಕಿಯ ಹಿಂದೆ ಮುಳ್ಳು ಓಲಾಡುವ ಹಳೆಯ ಅನಲಾಗ್ ಮಲ್ಟಿಮೀಟರು. ಅವನ ಕೈ ಹೋದದ್ದು ಹಳೆಯದರ ಕಡೆಗೆ!

ಇಂತಹ ಮೇಜುಗಳು ಇಂದು ಕಡಿಮೆಯಾಗಿರಬಹುದು, ಇಲ್ಲವಾಗಿಲ್ಲ. ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಗುವುದು ಯಂತ್ರಲೋಕದ ಸಹಜ ಧರ್ಮ. ಆದರೂ ಈ ಮುಳ್ಳಿನ ಮೀಟರು ಮಾತ್ರ ಮೂಲೆ ಸೇರಲು ಒಪ್ಪದೆ ನಿಂತಿದೆ. ಇದು ಕೇವಲ ಹಳತರ ಮೇಲಿನ ವ್ಯಾಮೋಹವೇ? ಅಥವಾ ಅದರಲ್ಲಿ ನಿಜವಾದ ಗುಣವೇನಾದರೂ ಉಂಟೇ?

ಮೂವರು ವೈದ್ಯರ ಕೂಸು

‘ನಾಡಿ ನೋಡುವುದು’ ಎಂಬ ಮಾತು ಇಲ್ಲಿ ಬರಿಯ ಅಲಂಕಾರವಲ್ಲ. ಈ ಉಪಕರಣದ ವಂಶವೃಕ್ಷದಲ್ಲಿ ವೈದ್ಯಕೀಯ ಓದಿದವರೇ ಮೂವರಿದ್ದಾರೆಂಬುದು ಸೋಜಿಗದ ಸಂಗತಿ. ಇಟಲಿಯ ಬೊಲೋನ್ಯ ನಗರದ ವೈದ್ಯ ಲುಯಿಜಿ ಗ್ಯಾಲ್ವಾನಿ, ಸತ್ತ ಕಪ್ಪೆಯ ಕಾಲು ವಿದ್ಯುತ್ತಿನ ಸೋಂಕಿನಿಂದ ಮಿಡಿಯುವುದನ್ನು ಕಂಡು 1791ರಲ್ಲಿ ಆ ಕುರಿತು ಪ್ರಬಂಧ ಪ್ರಕಟಿಸಿದನು. ಸೂಕ್ಷ್ಮ ವಿದ್ಯುತ್ ಪ್ರವಾಹವನ್ನು ತೋರಿಸುವ ಉಪಕರಣಕ್ಕೆ ಮುಂದೆ ‘ಗ್ಯಾಲ್ವನೋಮೀಟರ್’ ಎಂಬ ಹೆಸರು ಬಂದುದು ಇವನಿಂದಲೇ.

ಆದರೆ ಮುಳ್ಳು ಅಲುಗಾಡಿದ ಕಥೆ ಆರಂಭವಾದದ್ದು 1820ರಲ್ಲಿ. ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಪಕ್ಕಕ್ಕೆ ತಿರುಗುವುದನ್ನು ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಆ ವರ್ಷ ತೋರಿಸಿಕೊಟ್ಟನು. ಕಣ್ಣಿಗೆ ಕಾಣದ ವಿದ್ಯುತ್ತು ಕಣ್ಣಿಗೆ ಕಾಣುವ ಚಲನೆಯಾಗಬಲ್ಲುದೆಂಬುದು ಅಂದು ಸ್ಥಿರಪಟ್ಟಿತು.

ಎರಡನೆಯ ವೈದ್ಯ ಫ್ರಾನ್ಸಿನ ಆರ್ಸೆನ್ ದಾರ್ಸೊನ್ವಾಲ್. ಅವನು 1882ರಲ್ಲಿ ಮಾರ್ಸೆಲ್ ದೆಪ್ರೆ ಎಂಬ ಇಂಜಿನಿಯರನೊಡನೆ ಸೇರಿ ಹೊಸ ಬಗೆಯ ಗ್ಯಾಲ್ವನೋಮೀಟರನ್ನು ರಚಿಸಿದನು. ಅದರಲ್ಲಿ ಅಯಸ್ಕಾಂತ ಸ್ಥಿರವಾಗಿ ನಿಂತು, ಅದರ ನಡುವೆ ತಂತಿಯ ಸುರುಳಿಯೇ ತಿರುಗುತ್ತಿತ್ತು. ಮೂರನೆಯವನು ಎಡ್ವರ್ಡ್ ವೆಸ್ಟನ್. ಇಂಗ್ಲೆಂಡಿನಲ್ಲಿ ವೈದ್ಯಕೀಯ ಓದಿ 1870ರಲ್ಲಿ ಅಮೆರಿಕಕ್ಕೆ ಹೋದ ಇವನು, ರೋಗಿಗಳನ್ನು ಬಿಟ್ಟು ವಿದ್ಯುತ್ತಿಗೆ ಮನಸೋತನು. 1888ರ ಸುಮಾರಿಗೆ ಅವನು ಆ ಸೂಕ್ಷ್ಮ ಉಪಕರಣವನ್ನು ಗಟ್ಟಿಗೊಳಿಸಿ, ಕೈಯಲ್ಲಿ ಹಿಡಿದು ಒಯ್ಯಬಹುದಾದ ಮಾಪಕವನ್ನಾಗಿ ಮಾಡಿದನು. ಇಂದಿಗೂ ಮುಳ್ಳಿನ ಮೀಟರಿನ ಒಡಲಲ್ಲಿರುವುದು ಇದೇ ತತ್ವ: ಅಯಸ್ಕಾಂತದ ನಡುವೆ ಒಂದು ಹಗುರ ಸುರುಳಿ, ಅದಕ್ಕಂಟಿದ ಮುಳ್ಳು, ಹಿಂದಕ್ಕೆಳೆಯಲು ಕೂದಲೆಳೆಯಂತಹ ಸ್ಪ್ರಿಂಗು. ಪ್ರವಾಹ ಹೆಚ್ಚಿದಷ್ಟೂ ಮುಳ್ಳು ಹೆಚ್ಚು ಬಾಗುತ್ತದೆ.

ಒಂದೇ ಪೆಟ್ಟಿಗೆ, ಮೂರು ಕೆಲಸ

ಬಹುಕಾಲ ಆಂಪಿಯರಿಗೆ ಒಂದು ಮೀಟರು, ವೋಲ್ಟಿಗೆ ಇನ್ನೊಂದು, ಓಮಿಗೆ ಮತ್ತೊಂದು ಎಂದು ಹೊತ್ತು ತಿರುಗಬೇಕಾಗಿತ್ತು. ಬ್ರಿಟಿಷ್ ಅಂಚೆ ಇಲಾಖೆಯಲ್ಲಿ ದೂರವಾಣಿ ತಂತಿಗಳ ಕೆಲಸ ನೋಡುತ್ತಿದ್ದ ಡೊನಾಲ್ಡ್ ಮೆಕಾಡಿ ಎಂಬ ಇಂಜಿನಿಯರನಿಗೆ ಈ ಹೊರೆ ಬೇಸರ ತಂದಿತು. ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಗಿಸಿದ ಅವನ ಉಪಕರಣ 1923ರಲ್ಲಿ ಮಾರುಕಟ್ಟೆಗೆ ಬಂದಿತು. ಆಂಪಿಯರ್, ವೋಲ್ಟ್, ಓಮ್ ಎಂಬ ಮೂರು ಪದಗಳ ಮೊದಲಕ್ಷರ ಸೇರಿ ಅದಕ್ಕೆ ‘ಆವೋಮೀಟರ್’ ಎಂಬ ಹೆಸರಾಯಿತು. ಇದರ ಎಂಟನೆಯ ಮಾದರಿ 1951ರಲ್ಲಿ ಹೊರಬಿದ್ದು, ಸುಧಾರಣೆಗಳೊಡನೆ 2008ರವರೆಗೂ ತಯಾರಾಗುತ್ತಿತ್ತು. ವಿದ್ಯುನ್ಮಾನ ಯುಗದಲ್ಲಿ ಅರ್ಧ ಶತಮಾನ ಮೀರಿ ಬಾಳುವುದು ಸಾಮಾನ್ಯ ಸಾಧನೆಯಲ್ಲ.

ಅಂಕೆ ತೋರಿಸುವ ಮೀಟರು ಅಮೆರಿಕದಲ್ಲಿ 1950ರ ದಶಕದ ಮೊದಲ ಭಾಗದಲ್ಲೇ ಹುಟ್ಟಿತು. ಆಂಡ್ರ್ಯೂ ಕೇ ಎಂಬವನು ಅದರ ಜನಕ. ಆಗ ಅದು ಪ್ರಯೋಗಶಾಲೆಯ ದುಬಾರಿ ಯಂತ್ರವಾಗಿತ್ತು. 1970ರ ದಶಕದ ಕೊನೆಯ ಹೊತ್ತಿಗೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಯಿತು; ಬಳಿಕ ಅಗ್ಗವೂ ಆಯಿತು. ಇಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೀಟರು ಕೇಳುವ ವಿದ್ಯಾರ್ಥಿಯ ಕೈಗೆ ಮೊದಲು ಬರುವುದು ಡಿಜಿಟಲ್ ಮೀಟರೇ.

ಪಾಯಸದ ಸೌಟು

ಹಳೆಯದನ್ನು ಹೊಗಳುವ ಮುನ್ನ ಅದರ ದೋಷಗಳನ್ನೂ ಹೇಳುವುದು ನ್ಯಾಯ. ಮೊದಲನೆಯದಾಗಿ, ಮುಳ್ಳಿನ ನಿಖರತೆ ಕಡಿಮೆ. ಸಾಧಾರಣ ಮೀಟರಿನಲ್ಲಿ ಪೂರ್ಣ ಅಳತೆಯ ಶೇಕಡ 3ರಷ್ಟು ತಪ್ಪು ಬರಬಹುದು. 10 ವೋಲ್ಟಿನ ಪಟ್ಟಿಯಲ್ಲಿ ಅದು 0.3 ವೋಲ್ಟು, ಮುಳ್ಳು 1 ವೋಲ್ಟು ತೋರಿಸಿದರೆ ನಿಜವಾದ ಒತ್ತಡ 0.7 ಆಗಿರಬಹುದು, 1.3 ಕೂಡ ಆಗಿರಬಹುದು. ಓರೆಯಾಗಿ ನೋಡಿದರೆ ಓದುವುದರಲ್ಲೂ ತಪ್ಪುಂಟು. ಆದುದರಿಂದಲೇ ಒಳ್ಳೆಯ ಮೀಟರುಗಳ ಅಳತೆಪಟ್ಟಿಯ ಕೆಳಗೆ ಸಣ್ಣದೊಂದು ಕನ್ನಡಿಯನ್ನು ಇಟ್ಟಿರುತ್ತಾರೆ. ಮುಳ್ಳು ತನ್ನ ಪ್ರತಿಬಿಂಬವನ್ನು ಮರೆಮಾಡುವಂತೆ ನೋಡಿದಾಗ ಕಣ್ಣು ನೇರವಾಗಿದೆಯೆಂದು ಅರ್ಥ.

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದದ್ದು. ಮುಳ್ಳನ್ನು ಸರಿಸಲು ಬೇಕಾದ ಶಕ್ತಿಯನ್ನು ಮೀಟರು ಅಳೆಯಬೇಕಾದ ಮಂಡಲದಿಂದಲೇ ಪಡೆಯುತ್ತದೆ. ಪುಟ್ಟ ಬಟ್ಟಲಿನ ಪಾಯಸದ ರುಚಿ ನೋಡಲು ದೊಡ್ಡ ಸೌಟು ಹಾಕಿದರೆ ಬಟ್ಟಲೇ ಬರಿದಾಗುವಂತೆ! ಒಂದು ಉದಾಹರಣೆ: 10 ವೋಲ್ಟಿನ ಬ್ಯಾಟರಿಗೆ ಒಂದೊಂದು ಲಕ್ಷ ಓಮಿನ ಎರಡು ರೋಧಕಗಳನ್ನು ಸಾಲಾಗಿ ಜೋಡಿಸಿದರೆ ಒಂದೊಂದರ ಮೇಲೂ 5 ವೋಲ್ಟು ಇರಬೇಕು. ಒಳ್ಳೆಯ ಮುಳ್ಳಿನ ಮೀಟರಿಗೆ ‘ವೋಲ್ಟಿಗೆ 20,000 ಓಮ್’ ಎಂಬ ಗುಣವಿರುತ್ತದೆ. ಎಂದರೆ 10 ವೋಲ್ಟಿನ ಪಟ್ಟಿಯಲ್ಲಿ ಅದರ ರೋಧ 2 ಲಕ್ಷ ಓಮ್. ಅದನ್ನು ಒಂದು ರೋಧಕದ ಎರಡು ತುದಿಗಳಿಗೆ ಮುಟ್ಟಿಸಿದೊಡನೆ ಅಲ್ಲಿನ ಒತ್ತಡವೇ 4 ವೋಲ್ಟಿಗೆ ಇಳಿಯುತ್ತದೆ. ಮುಳ್ಳು ಸುಳ್ಳು ಹೇಳಲಿಲ್ಲ. ತಾನು ಕೆಡಿಸಿದ ಸ್ಥಿತಿಯನ್ನೇ ಪ್ರಾಮಾಣಿಕವಾಗಿ ತೋರಿಸಿತು! ಸಾಮಾನ್ಯವಾಗಿ 1 ಕೋಟಿ ಓಮ್ ರೋಧವಿರುವ ಡಿಜಿಟಲ್ ಮೀಟರು ಅದೇ ಜಾಗದಲ್ಲಿ ಸುಮಾರು 4.98 ವೋಲ್ಟು ತೋರಿಸುತ್ತದೆ.

ನಿಖರತೆಯಲ್ಲಿ ಹೊಸದು ಗೆದ್ದಿತು, ಇದರಲ್ಲಿ ವಾದವಿಲ್ಲ.

ಇಲ್ಲದ ವಿದ್ಯುತ್ತು

ವಿಚಿತ್ರವೆಂದರೆ, ಇದೇ ದೋಷ ಮತ್ತೊಂದು ಕಡೆ ಗುಣವಾಗಿ ಪರಿಣಮಿಸುತ್ತದೆ. ಮನೆಯ ಗೋಡೆಯೊಳಗಿನ ಪೈಪಿನಲ್ಲಿ ಹಲವು ವೈರುಗಳು ಮೈಗೆ ಮೈ ತಾಗಿಸಿಕೊಂಡು ಸಾಗುತ್ತವೆ. ಅವುಗಳಲ್ಲಿ ಒಂದು ಎಲ್ಲಿಗೂ ಸೇರದೆ ಸುಮ್ಮನೆ ಬಿದ್ದಿದೆಯೆನ್ನೋಣ. ಪಕ್ಕದ ವೈರಿನಲ್ಲಿ 230 ವೋಲ್ಟು ಹರಿಯುವಾಗ ಈ ಅನಾಥ ವೈರಿಗೂ ಅದರ ಛಾಯೆ ತಗಲುತ್ತದೆ. ಡಿಜಿಟಲ್ ಮೀಟರನ್ನಿಟ್ಟರೆ ಹತ್ತಾರು ವೋಲ್ಟು ಕಾಣಿಸುತ್ತದೆ. ಮನೆಯವರು ಗಾಬರಿಯಾಗುತ್ತಾರೆ, ಅನುಭವವಿಲ್ಲದ ಕೆಲಸಗಾರ ಗೋಡೆ ಒಡೆಯಲು ಹೊರಡುತ್ತಾನೆ. ನಿಜಕ್ಕೂ ಆ ‘ಭೂತ ವೋಲ್ಟಿ’ನಲ್ಲಿ ಒಂದು ಸಣ್ಣ ಬಲ್ಬು ಬೆಳಗಿಸುವ ತ್ರಾಣವೂ ಇರುವುದಿಲ್ಲ. ಹೆಚ್ಚು ಪ್ರವಾಹ ಹೀರುವ ಮುಳ್ಳಿನ ಮೀಟರನ್ನು ಮುಟ್ಟಿಸಿದರೆ ಆ ಭೂತ ಬಹುಮಟ್ಟಿಗೆ ಇಳಿದುಹೋಗುತ್ತದೆ. ಇದನ್ನರಿತ ತಯಾರಕರು ಕೆಲವು ಡಿಜಿಟಲ್ ಮೀಟರುಗಳಲ್ಲೂ ಕಡಿಮೆ ರೋಧದ ಪ್ರತ್ಯೇಕ ಏರ್ಪಾಟನ್ನು ಇಟ್ಟಿದ್ದಾರೆ.

ಆದರೆ ಎಚ್ಚರ! ‘ಮುಳ್ಳು ಅಲುಗಲಿಲ್ಲ, ಆದ್ದರಿಂದ ವೈರನ್ನು ಮುಟ್ಟಬಹುದು’ ಎಂದು ಯಾರೂ ತಿಳಿಯಬಾರದು. ಮೀಟರಿನ ತಂತಿಯೇ ತುಂಡಾಗಿದ್ದರೂ ಮುಳ್ಳು ಅಲುಗುವುದಿಲ್ಲ. ಮೊದಲು ಮೈನ್ ಸ್ವಿಚ್ಚು ಆರಿಸಬೇಕು. ವಿದ್ಯುತ್ತು ಇದೆಯೆಂದು ಗೊತ್ತಿರುವ ಜಾಗದಲ್ಲಿ ಮೀಟರು ಸರಿಯಾಗಿ ತೋರಿಸುತ್ತದೆಯೇ ಎಂದು ಮುಂಚೆಯೂ ಬಳಿಕವೂ ನೋಡಿಕೊಳ್ಳಬೇಕು. ಮನೆಯ ವಿದ್ಯುತ್ತಿನ ಕೆಲಸವನ್ನು ಬಲ್ಲವರಿಗೆ ಬಿಡುವುದೇ ಲೇಸು.

ಚಲನೆಯ ಭಾಷೆ

ಮುಳ್ಳಿನ ನಿಜವಾದ ಹಿರಿಮೆ ಇರುವುದು ಅದರ ಚಲನೆಯಲ್ಲಿ. ಸಂತೆಯಲ್ಲಿ ತಕ್ಕಡಿ ಹಿಡಿದ ವರ್ತಕನಾಗಲಿ, ಕೊಳ್ಳುವ ಗೃಹಿಣಿಯಾಗಲಿ ಅಂಕೆಯನ್ನು ಓದುತ್ತಿರಲಿಲ್ಲ. ಮುಳ್ಳು ಯಾವ ಕಡೆ ವಾಲುತ್ತಿದೆ, ಎಷ್ಟು ಬೇಗ ವಾಲುತ್ತಿದೆ ಎಂಬುದನ್ನು ನೋಡುತ್ತಿದ್ದರು. ಗಡಿಯಾರದ ಮುಳ್ಳುಗಳೂ ಹಾಗೆಯೇ. ಗಂಟೆ ಎಷ್ಟೆಂದು ಲೆಕ್ಕಿಸುವ ಮೊದಲೇ ‘ಇನ್ನೂ ಸಮಯವಿದೆ’ ಎಂಬುದು ಮನಸ್ಸಿಗೆ ಹೊಳೆದುಬಿಡುತ್ತದೆ. ಅಂಕೆಯನ್ನು ಓದಬೇಕು, ಚಲನೆಯನ್ನು ಕಂಡರೆ ಸಾಕು.

ಕಂಡೆನ್ಸರಿನ ಪರೀಕ್ಷೆ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಶೇಖರವಾಗಿರುವ ವಿದ್ಯುತ್ತನ್ನು ಮೊದಲು ಸುರಕ್ಷಿತವಾಗಿ ಕಳೆದು, ಒಂದು ತುದಿಯನ್ನಾದರೂ ಮಂಡಲದಿಂದ ಬಿಡಿಸಿ, ಮೀಟರನ್ನು ಓಮಿನ ಪಟ್ಟಿಗೆ ತಿರುಗಿಸಿ ಮುಟ್ಟಿಸುತ್ತಾರೆ. ಕಂಡೆನ್ಸರು ಚೆನ್ನಾಗಿದ್ದರೆ ಮುಳ್ಳು ತಟ್ಟನೆ ಬಲಕ್ಕೆ ಹಾರಿ, ಬಳಿಕ ಮೆಲ್ಲಮೆಲ್ಲನೆ ಎಡಕ್ಕೆ ಮರಳುತ್ತದೆ. ಬಲಗಡೆಯೇ ಅಂಟಿಕೊಂಡು ನಿಂತರೆ ಒಳಗೆ ಶಾರ್ಟ್ ಆಗಿದೆ. ನಡುವೆಯೇ ನಿಂತುಬಿಟ್ಟರೆ ಸೋರುತ್ತಿದೆ. ಹಾರುವಷ್ಟು ದೊಡ್ಡ ಕಂಡೆನ್ಸರಾಗಿದ್ದೂ ಮುಳ್ಳು ಅಲುಗದಿದ್ದರೆ ಒಣಗಿಹೋಗಿದೆ. ಒಂದೇ ನೋಟದಲ್ಲಿ ಇಷ್ಟೆಲ್ಲ ತಿಳಿಯುತ್ತದೆ. ಡಿಜಿಟಲ್ ಮೀಟರಿನಲ್ಲಿ ಅದೇ ಹೊತ್ತಿಗೆ ಅಂಕೆಗಳು ಒಂದರ ಮೇಲೊಂದು ಓಡುತ್ತವೆ. ಅವುಗಳನ್ನು ಹಿಡಿದು ಅರ್ಥಮಾಡುವಷ್ಟರಲ್ಲಿ ಆಟ ಮುಗಿದಿರುತ್ತದೆ. ಈ ಕೊರತೆಯನ್ನು ಹೊಸ ಮೀಟರುಗಳ ತಯಾರಕರೂ ಒಪ್ಪಿಕೊಂಡಂತಿದೆ. ಅವರ ಹಲವು ಮಾದರಿಗಳಲ್ಲಿ ಅಂಕೆಗಳ ಕೆಳಗೆ ಉದ್ದವಾಗುತ್ತ ಗಿಡ್ಡವಾಗುತ್ತ ಹೋಗುವ ಗೆರೆಯೊಂದಿರುತ್ತದೆ. ಅದು ಮುಳ್ಳಿನ ಅನುಕರಣವಲ್ಲದೆ ಮತ್ತೇನು?

ಇನ್ನೂ ಒಂದು ಅನುಕೂಲ: ವೋಲ್ಟ್, ಆಂಪಿಯರುಗಳನ್ನು ಅಳೆಯಲು ಸಾಮಾನ್ಯ ಮುಳ್ಳಿನ ಮೀಟರಿಗೆ ಸೆಲ್ಲು ಬೇಡ, ಓಮ್ ಅಳೆಯಲು ಮಾತ್ರ ಬೇಕು. ವರ್ಷಗಟ್ಟಲೆ ಕಪಾಟಿನಲ್ಲಿದ್ದರೂ ಕೈಗೆತ್ತಿಕೊಂಡೊಡನೆ ಕೆಲಸಕ್ಕೆ ಸಿದ್ಧ.

ಕೊಳ್ಳುವವರಿಗೆ ನಾಲ್ಕು ಮಾತು

ಮನೆಯ ಮಗ ಅಥವಾ ಮಗಳು ವಿದ್ಯುನ್ಮಾನ ಶಾಸ್ತ್ರ ಕಲಿಯುತ್ತಿದ್ದು, ಒಂದೇ ಮೀಟರು ಕೊಡಿಸುವುದಾದರೆ ಡಿಜಿಟಲ್ ಮೀಟರನ್ನೇ ಕೊಡಿಸುವುದು ವಿವೇಕ. ಎರಡನೆಯದು ಕೊಳ್ಳುವ ಅನುಕೂಲವಿದ್ದರೆ ಅದು ಮುಳ್ಳಿನದಾಗಲಿ. ಅದನ್ನು ಬಳಸುವಾಗ ಅಳತೆ ಗೊತ್ತಿಲ್ಲದಿದ್ದರೆ ಅತಿ ದೊಡ್ಡ ಪಟ್ಟಿಯಿಂದ ಆರಂಭಿಸಿ ಕೆಳಗಿಳಿಯಬೇಕು. ಓಮ್ ಅಥವಾ ಆಂಪಿಯರಿನ ಸ್ಥಾನದಲ್ಲಿಟ್ಟು ವೋಲ್ಟನ್ನು ಅಳೆಯಹೊರಟರೆ ಮುಳ್ಳು ಬಾಗೀತು, ಸುರುಳಿ ಸುಟ್ಟೀತು, ಅಳೆಯುವವರಿಗೂ ಅಪಾಯವಾದೀತು. ಓಮ್ ಅಳೆಯುವ ಮುನ್ನ ಎರಡು ತುದಿಗಳನ್ನೂ ಕೂಡಿಸಿ ಮುಳ್ಳನ್ನು ಸೊನ್ನೆಗೆ ಸರಿಪಡಿಸಬೇಕು. ಓಮಿನ ಪಟ್ಟಿಯಲ್ಲಿ ಸೊನ್ನೆ ಬಲಗಡೆ ಇರುತ್ತದೆಂಬುದನ್ನೂ, ಆಗ ಅನೇಕ ಮೀಟರುಗಳ ಕಪ್ಪು ತಂತಿಯೇ ಧನವಾಗಿರುತ್ತದೆಂಬುದನ್ನೂ ಮರೆಯಬಾರದು. ಡಯೋಡು ಪರೀಕ್ಷಿಸುವ ಎಷ್ಟೋ ಹೊಸಬರು ಎಡವುವುದು ಇಲ್ಲಿಯೇ. ಕೆಳಗೆ ಬಿದ್ದರಂತೂ ಈ ಸೂಕ್ಷ್ಮಜೀವಿ ಚೇತರಿಸಿಕೊಳ್ಳುವುದು ಕಷ್ಟ.

ಇತ್ತ ರಿಪೇರಿಯ ಮೇಜಿನ ಬಳಿ ರಾಯರು ಉಸಿರು ಬಿಗಿಹಿಡಿದು ಕುಳಿತಿದ್ದಾರೆ. ರೇಡಿಯೋದ ವಿದ್ಯುತ್ತು ತಪ್ಪಿಸಿ, ವಾಲ್ಯೂಮ್ ಕಂಟ್ರೋಲಿನ ತಂತಿಗಳನ್ನು ಬಿಡಿಸಿ ಆಗಿದೆ. ಹಿಂದಿನ ಅಂಗಡಿಯಲ್ಲಿ ಅದರ ಎರಡು ಕೊನೆಗಳ ನಡುವಣ ರೋಧವನ್ನಷ್ಟೇ ಅಳೆದು, ಅಂಕೆ ಸರಿಯಿದೆಯೆಂದು ಅದನ್ನು ಬಿಟ್ಟುಬಿಟ್ಟಿದ್ದರು. ಈತ ನಡುವಿನ ತುದಿಗೆ ಮೀಟರು ಹಿಡಿದು ಗುಂಡಿಯನ್ನು ಮೆಲ್ಲನೆ ತಿರುಗಿಸುತ್ತಾನೆ. ಮುಳ್ಳು ನೀರಿನ ಮೇಲಿನ ದೋಣಿಯಂತೆ ನಯವಾಗಿ ಸರಿಯುತ್ತದೆ. ಕಾಲು ಸುತ್ತು, ಅರ್ಧ ಸುತ್ತು... ಇದ್ದಕ್ಕಿದ್ದಂತೆ ಎಡಕ್ಕೆ ಬಿದ್ದು, ಪುಟಿದು ಮತ್ತೆ ಮೇಲೇಳುತ್ತದೆ. ಮತ್ತೊಮ್ಮೆ ತಿರುಗಿಸಿದರೂ ಅದೇ ಜಾಗದಲ್ಲಿ ಅದೇ ಬೀಳು.

“ನೋಡಿದಿರಾ ರಾಯರೇ, ಒಳಗಿನ ಪಟ್ಟಿ ಇಲ್ಲಿ ಸವೆದಿದೆ. ಬೇರೇನೂ ಇಲ್ಲ. ಇದೊಂದು ಬದಲಾಯಿಸಿದರೆ ಸಾಕು.”

ಹೊಸ ಕಂಟ್ರೋಲು ಕೂಡಿಸಿ ಬೆಸುಗೆ ಹಾಕಿದ ಮೇಲೆ ಅವನ ಕೈ ಡಿಜಿಟಲ್ ಮೀಟರಿನತ್ತ ಹೋಗುತ್ತದೆ. ಒಳಗಿನ ವೋಲ್ಟುಗಳು ಸರಿಯಾಗಿವೆಯೇ ಎಂದು ನೋಡಲು ಅಂಕೆಯ ನಿಖರತೆ ಬೇಕು. ರೋಗ ಹಿಡಿಯಲು ಮುಳ್ಳು, ಗುಣವಾದುದನ್ನು ಖಚಿತಪಡಿಸಲು ಅಂಕೆ. ಒಂದು ಮತ್ತೊಂದಕ್ಕೆ ಹಗೆಯಲ್ಲ. ಯಾವುದು ಎಲ್ಲಿ ತಪ್ಪು ಹೇಳುತ್ತದೆಂದು ಬಲ್ಲವನಿಗೆ ಎರಡೂ ನಂಬಿಕೆಯ ಬಂಟರೇ.

ಗುಂಡಿ ತಿರುಗುತ್ತದೆ. ಗೊರಗೊರ ಸದ್ದಿಲ್ಲ. ಪೆಟ್ಟಿಗೆಯ ಒಳಗಿಂದ ಮೊದಲು ಸಣ್ಣಗೆ, ಬಳಿಕ ತುಂಬುದನಿಯಲ್ಲಿ ಹಾಡು ಕೇಳಿಬರುತ್ತದೆ. ರಾಯರು ಮಾತಾಡುವುದಿಲ್ಲ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಮೇಜಿನ ಅಂಚಿನಲ್ಲಿ ಹಳೆಯ ಮೀಟರಿನ ಮುಳ್ಳು ಸದ್ದಿಲ್ಲದೆ ತನ್ನ ಸ್ಥಾನಕ್ಕೆ ಮರಳಿ ನಿಂತಿದೆ.